ಗುಹೆಯಲ್ಲಿ ಟಾರ್ಚ್ ಎಲ್ಲಿ ಹಿಡಿಯಬೇಕು?

ಗುಹೆಯೊಳಗೆ ನಾನು ತೆಗೆದ ಮೊದಲ ಇನ್ನೂರು ಚಿಲ್ಲರೆ ಫೋಟೊಗಳನ್ನು ಇವತ್ತಿಗೂ ಯಾರಿಗೂ ತೋರಿಸಿಲ್ಲ. ವಿಯೆಟ್ನಾಂನ ಫೋಂಗ್ ನ್ಯಾ ಕಾಡಿನಲ್ಲಿರುವ ಪ್ಯಾರಡೈಸ್ ಗುಹೆ ಅದು. ಸುಮಾರು 31 ಕಿಲೋಮೀಟರ್ ಉದ್ದ. ಮೊದಲ ಒಂದು ಕಿಲೋಮೀಟರಿಗೆ ಮರದ ಹಲಗೆಯ ದಾರಿ ಹಾಕಿ, ದೀಪ ಇಟ್ಟಿದ್ದಾರೆ. ಕತ್ತೆತ್ತಿ ನೋಡುತ್ತಾ ನಡೆದರೆ ಮುಂದಿನವರಿಗೆ ಡಿಕ್ಕಿ ಹೊಡೆಯುವುದು ಖಂಡಿತ, ಚಾವಣಿ ಅಷ್ಟು ಎತ್ತರ. ಆದರೆ ರಾತ್ರಿ ಕೋಣೆಯಲ್ಲಿ ಕೂತು ನೋಡಿದರೆ ಪ್ರತಿ ಫೋಟೊದಲ್ಲೂ ಒಂದು ಹಳದಿ ಗೋಡೆ, ಅದರ ಮೇಲೆ ಬಿಳಿ ಚುಕ್ಕಿಗಳು. ಗೋದಾಮಿನ ಫೋಟೊ ಅಂದಿದ್ದರೂ ಯಾರಾದರೂ ನಂಬುತ್ತಿದ್ದರು.

ತಪ್ಪು ಫ್ಲ್ಯಾಶಿನದು. ಗುಹೆಯ ಗಾಳಿಯಲ್ಲಿ ತೇವ ಜಾಸ್ತಿ. ನಾವು ಬಿಟ್ಟ ಉಸಿರು ಸಣ್ಣ ಹನಿಗಳಾಗಿ ಲೆನ್ಸಿನ ಮುಂದೆಯೇ ತೇಲುತ್ತಿರುತ್ತದೆ. ಕ್ಯಾಮೆರಾದ ತಲೆ ಮೇಲಿನ ಫ್ಲ್ಯಾಶ್ ಮೊದಲು ಬೆಳಗುವುದು ಆ ಹನಿಗಳನ್ನೇ. ಗೋಡೆ ಚಪ್ಪಟೆಯಾಗಿ ಕಂಡದ್ದಕ್ಕೂ ಅದೇ ಕಾರಣ. ನಾವು ನೋಡುವ ಕಡೆಯಿಂದಲೇ ಬೆಳಕು ಹೋದರೆ ನೆರಳೆಲ್ಲ ವಸ್ತುವಿನ ಹಿಂದೆ ಅಡಗಿಬಿಡುತ್ತದೆ. ನೆರಳೇ ಇಲ್ಲದ ಮೇಲೆ ಉಬ್ಬು ತಗ್ಗು ಕಾಣುವುದು ಹೇಗೆ?

ಇದಕ್ಕೆ ಉತ್ತರ ಸಿಕ್ಕಿದ್ದು ಫೋಟೊ ತೆಗೆಯಲು ಬಿಡದ ಗುಹೆಯಲ್ಲಿ.

ಆಸ್ಟ್ರಿಯಾದ ವೆರ್ಫೆನ್ ಊರಿನ ಮೇಲಿನ ಬೆಟ್ಟದಲ್ಲಿ ಐಸ್‌ರೀಸನ್‌ವೆಲ್ಟ್ ಇದೆ. 42 ಕಿಲೋಮೀಟರ್ ಉದ್ದದ ಸುಣ್ಣಕಲ್ಲಿನ ಗುಹೆ, ಬಾಯಿಂದ ಸುಮಾರು ಒಂದು ಕಿಲೋಮೀಟರ್ ಪೂರ್ತಿ ಮಂಜುಗಡ್ಡೆ. ಬೇಸಿಗೆಯಲ್ಲೂ ಕರಗುವುದಿಲ್ಲ. ಚಳಿಗಾಲದಲ್ಲಿ ಬೆಟ್ಟದೊಳಗಿನ ಬೆಚ್ಚಗಿನ ಗಾಳಿ ಮೇಲಿನ ಬಿರುಕುಗಳಿಂದ ಹೊರಗೆ ಹೋಗುತ್ತದೆ, ಆ ಜಾಗಕ್ಕೆ ಕೆಳಗಿನ ಬಾಯಿಂದ ಕೊರೆಯುವ ಗಾಳಿ ನುಗ್ಗುತ್ತದೆ. ನಮ್ಮ ಹೊಗೆಗೂಡು ಕೆಲಸ ಮಾಡುವ ಹಾಗೇ. ಹೀಗೆ ಕಲ್ಲು ತಣ್ಣಗಾಗಿ ಕೂತಿರುತ್ತದೆ. ವಸಂತದಲ್ಲಿ ಮೇಲಿನ ಹಿಮ ಕರಗಿ ನೀರು ಒಳಗೆ ಜಿನುಗಿದರೆ, ಅಲ್ಲೇ ಗಡ್ಡೆ. ಬೇಸಿಗೆಯಲ್ಲಿ ಗಾಳಿಯ ದಿಕ್ಕು ತಿರುಗುತ್ತದೆ. ಬಾಗಿಲು ತೆಗೆದಾಗ ಒಳಗಿಂದ ಬಂದ ಗಾಳಿಗೆ ನನ್ನ ಕೈಲಿದ್ದ ಕಾರ್ಬೈಡ್ ದೀಪ (ಕಾರ್ಬೈಡಿಗೆ ನೀರು ತಾಗಿ ಹುಟ್ಟುವ ಅನಿಲದಿಂದ ಉರಿಯುವ ದೀಪ) ಆರಿಯೇ ಹೋಯಿತು. ಹೌದು, ಅಲ್ಲಿ ಕರೆಂಟ್ ದೀಪ ಇಲ್ಲ. ಕೈಗೆ ಕಾರ್ಬೈಡ್ ದೀಪ ಕೊಟ್ಟು 700 ಮೆಟ್ಟಿಲು ಹತ್ತಿಸುತ್ತಾರೆ, 700 ಇಳಿಸುತ್ತಾರೆ.

ಕ್ಯಾಮೆರಾ ಚೀಲದಲ್ಲೇ ಇತ್ತು. ಸ್ವಲ್ಪ ಸಿಟ್ಟೂ ಇತ್ತು. ಒಂದು ಕಡೆ ಗೈಡ್ ನಮ್ಮನ್ನೆಲ್ಲ ನಿಲ್ಲಿಸಿ, ಒಂದು ಮಂಜುಗಡ್ಡೆಯ ಹಿಂದೆ ಹೋಗಿ, ಕಣ್ಣು ಕೋರೈಸುವಂತೆ ಉರಿಯುವ ಮೆಗ್ನೀಸಿಯಂ ಲೋಹದ ಪಟ್ಟಿ ಹೊತ್ತಿಸಿದರು. ಅಷ್ಟು ಹೊತ್ತು ಬೂದಿ ಬಣ್ಣದ ಗುಪ್ಪೆಯಾಗಿದ್ದದ್ದು ಒಳಗಿನಿಂದ ನೀಲಿಯಾಗಿ ಬೆಳಗಿತು. ಪದರ ಪದರ ಎಣಿಸಬಹುದಿತ್ತು. ಅರೆ, ನಾನು ಬೆಳಕನ್ನು ಇಷ್ಟು ದಿನ ಮುಂದೆ ಹಿಡಿದುಕೊಂಡು ಓಡಾಡಿದ್ದೆನಲ್ಲ!

ಮತ್ತೆ ಪ್ಯಾರಡೈಸಿಗೆ ಹೋದೆ. ಈ ಸಲ ಹಲಗೆ ದಾರಿ ದಾಟಿ, ಗೈಡ್ ಜೊತೆ ಒಳಗೆ ಹೋಗುವ 7 ಕಿಲೋಮೀಟರಿನ ನಡಿಗೆಗೆ ಸೇರಿಕೊಂಡೆ. ಒಂದು ಟ್ರೈಪಾಡ್, ಎರಡು ಟಾರ್ಚ್, ಜೊತೆಗೆ ನನ್ನ ಮಾತು ಕೇಳುವಷ್ಟು ತಾಳ್ಮೆ ಇದ್ದ ಗೆಳೆಯ. ನೆಲದಿಂದ ಎದ್ದ ಒಂದು ದಪ್ಪ ಸುಣ್ಣದ ಕಂಬ ಆರಿಸಿಕೊಂಡೆವು. ಅದರ ಮೇಲೆ ಟಾರ್ಚ್ ಹಾಯಿಸಿ ಫೋಕಸ್ ಮಾಡಿ, ಆಟೋಫೋಕಸ್ ಬಂದ್ ಮಾಡಿದೆ. ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನುವ ಅಳತೆ) 400, ಅಪರ್ಚರ್ (ಲೆನ್ಸಿನ ಕಿಂಡಿ) ಎಫ್ 8, ಶಟರ್ 30 ಸೆಕೆಂಡ್, ಅಂದರೆ ಅಷ್ಟು ಹೊತ್ತು ಕ್ಯಾಮೆರಾ ಬೆಳಕು ಹಿಡಿಯುತ್ತಲೇ ಇರುತ್ತದೆ. ಎಲ್ಲರೂ ಹಣೆಯ ದೀಪ ಆರಿಸಿದರು. ಕಣ್ಣು ಬಿಟ್ಟರೂ ಒಂದೇ, ಮುಚ್ಚಿದರೂ ಒಂದೇ ಅನ್ನುವಂಥ ಕತ್ತಲು.

ಶಟರ್ ಒತ್ತಿದ ಕೂಡಲೇ ಗೆಳೆಯ ಕಂಬದ ಹಿಂದಿನಿಂದ ಐದು ಸೆಕೆಂಡ್ ಬೆಳಕು ಕೊಟ್ಟ. ನಾನು ಎಡಕ್ಕೆ ನಾಲ್ಕು ಹೆಜ್ಜೆ ಸರಿದು, ಗೋಡೆಗೆ ಸುಣ್ಣ ಬಳಿದ ಹಾಗೆ ಟಾರ್ಚನ್ನು ಮೇಲೆ ಕೆಳಗೆ ಆಡಿಸಿದೆ. ಕೈ ಒಂದು ಕಡೆ ನಿಂತರೆ ಅಲ್ಲಿ ಬಿಳಿ ಕಲೆ ಬೀಳುತ್ತದೆ. ಮೊದಲ ಸಲ ಟಾರ್ಚಿನ ಮುಖ ಕ್ಯಾಮೆರಾ ಕಡೆ ತಿರುಗಿ, ಫೋಟೊ ತುಂಬ ಬೆಳ್ಳಗಿನ ಹುಳು ಹರಿದಂತಾಯಿತು. ಎರಡನೆಯದರಲ್ಲಿ ಗೆಳೆಯ ಸೀನಿದ. ಮೂರನೆಯದರಲ್ಲಿ ಕಂಬ ಎದ್ದು ನಿಂತಿತು. ಹನಿ ಬಿದ್ದು ಬಿದ್ದು ಆದ ಬಳೆಯಂಥ ಸುತ್ತುಗಳು ಒಂದೊಂದೂ ಕಾಣುತ್ತಿದ್ದವು. ಇಂಥ ಕಂಬಗಳು ಸಾವಿರ ವರ್ಷಕ್ಕೆ ಒಂದು ಗೇಣು ಬೆಳೆದರೆ ಅದೇ ಹೆಚ್ಚು. ನಮ್ಮ ಬೆರಳಿನ ಜಿಡ್ಡು ತಾಗಿದರೆ ಆ ಬೆಳವಣಿಗೆಯೂ ಕೆಡುತ್ತದೆ, ಹಾಗಾಗಿ ಸಮತೋಲಕ್ಕೂ ಕೈ ಇಡಬೇಡಿ. ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸುವುದು ಮಾತ್ರ ಮರೆಯಬೇಡಿ. ಇಲ್ಲದಿದ್ದರೆ ಕಂಬ ಮೊಣಕಾಲುದ್ದವೋ ತೆಂಗಿನ ಮರದುದ್ದವೋ ಗೊತ್ತಾಗುವುದೇ ಇಲ್ಲ. ಇನ್ನೊಂದು: ತಣ್ಣಗಿನ ಗುಹೆಯಿಂದ ಬಿಸಿಲಿಗೆ ಬಂದಾಗ ಲೆನ್ಸ್ ಮಂಜಾಗುತ್ತದೆ. ಒರೆಸಬೇಡಿ, ಕ್ಯಾಮೆರಾ ಅರ್ಧ ಗಂಟೆ ಚೀಲದಲ್ಲೇ ಇರಲಿ.

ಇಷ್ಟೆಲ್ಲ ಕಲಿತು ನ್ಯೂಜಿಲೆಂಡಿನ ವೈಟೊಮೊ ಗುಹೆಗೆ ಹೋದರೆ, ಅಲ್ಲೂ ಫೋಟೊ ಇಲ್ಲ! ಈ ಸಲ ಸಿಟ್ಟು ಬರಲಿಲ್ಲ. ನನ್ನ ಟಾರ್ಚಿಗೆ ಅಲ್ಲಿ ಕೆಲಸವೇ ಇರಲಿಲ್ಲ. ದೋಣಿಯಲ್ಲಿ ಕೂತಿದ್ದೆವು. ಗೈಡ್ ತಲೆ ಮೇಲಿನ ಹಗ್ಗ ಹಿಡಿದು ಸದ್ದಿಲ್ಲದೆ ದೋಣಿ ಎಳೆಯುತ್ತಿದ್ದರು. ಚಾವಣಿ ತುಂಬ ನೀಲಿ ಹಸಿರು ಚುಕ್ಕಿಗಳು. ಒಂದೊಂದೂ ಒಂದು ಮರಿಹುಳು. ಅಂಟು ಹನಿ ಪೋಣಿಸಿದ ರೇಷ್ಮೆ ಎಳೆಗಳನ್ನು ಕೆಳಗೆ ಇಳಿಬಿಟ್ಟು, ಬೆಳಕಿಗೆ ಬರುವ ಸಣ್ಣ ನೊಣಗಳನ್ನು ಹಿಡಿದು ತಿನ್ನುತ್ತದೆ. ಹಸಿದ ಹುಳು ಜಾಸ್ತಿ ಬೆಳಗುತ್ತದಂತೆ. ನಮ್ಮ ಹಿಂದೆ ಕೂತಿದ್ದವರ ಕೈಗಡಿಯಾರ ಪಕ್ಕನೆ ಹೊತ್ತಿಕೊಂಡಾಗ ದೋಣಿಯಲ್ಲಿದ್ದವರೆಲ್ಲ ಒಟ್ಟಿಗೆ ಶ್ಶ್ ಅಂದರು, ಸದ್ದು ಮಾಡಿದ್ದು ನಾವೇ ಆದರೂ.

ವೈಟೊಮೊದ್ದು ಅಂತ ನನ್ನ ಬಳಿ ಇರುವುದು ಒಂದೇ ಫೋಟೊ. ಹೊರಗೆ ಬಂದ ಮೇಲೆ ತೆಗೆದದ್ದು: ಹೊಳೆ ದಂಡೆಯಲ್ಲಿ ಖಾಲಿ ದೋಣಿ. ಬಿಸಿಲು ಜಾಸ್ತಿಯಾಗಿ ಅರ್ಧ ಬೆಳ್ಳಗಾಗಿದೆ.