ಮಂಡಿ ನೋವಿಗೆ ಮಂಡಿಯನ್ನೇ ಬೈಯಬೇಡಿ

ಓಡಲು ಶುರು ಮಾಡಿ ಒಂದೆರಡು ತಿಂಗಳಾಗುವಷ್ಟರಲ್ಲಿ ಮಂಡಿ ನೋಯುತ್ತದೆ. ಮೊದಲು ಶೂ ಮೇಲೆ ಅನುಮಾನ, ಆಮೇಲೆ ಮಂಡಿಗೆ ಪಟ್ಟಿ. ಸೊಂಟದ ಕಡೆ ಮಾತ್ರ ಯಾರೂ ನೋಡುವುದಿಲ್ಲ.

ಓಡುವಾಗ ಎರಡೂ ಕಾಲು ಒಟ್ಟಿಗೆ ನೆಲದ ಮೇಲೆ ಇರುವುದೇ ಇಲ್ಲ. ಪ್ರತಿ ಹೆಜ್ಜೆಗೂ ಮೈತೂಕದ ಎರಡು ಮೂರು ಪಟ್ಟು ಭಾರ ಒಂದೇ ಕಾಲಿನ ಮೇಲೆ ಬೀಳುತ್ತದೆ. ಆಗ ಸೊಂಟದ ಪಕ್ಕದ ಸ್ನಾಯು ಸೋತರೆ ಆಚೆ ಕಡೆಯ ಸೊಂಟ ಕೆಳಕ್ಕೆ ಜಾರುತ್ತದೆ, ಮಂಡಿ ಒಳಕ್ಕೆ ವಾಲುತ್ತದೆ, ಇದೇ ಸಾವಿರಾರು ಹೆಜ್ಜೆ ನಡೆದರೆ ಮಂಡಿ ಚಿಪ್ಪಿನ ಸುತ್ತ ನೋವು ಬರದೆ ಇರುತ್ತಾ? ಕನ್ನಡಿ ಮುಂದೆ ಒಂಟಿ ಕಾಲಲ್ಲಿ ನಿಂತು ನಿಧಾನಕ್ಕೆ ಅರ್ಧ ಕುಕ್ಕರಿಸಿ ನೋಡಿ. ಮಂಡಿ ಹೆಬ್ಬೆರಳನ್ನೂ ದಾಟಿ ಒಳಗೆ ಹೋಗುತ್ತಿದ್ದರೆ ಕೆಲಸ ಎಲ್ಲಿ ಬಾಕಿ ಇದೆ ಅಂತ ಗೊತ್ತಾಯಿತು.

ಮೊದಲು ಸ್ಟ್ರೆಚಿಂಗ್ ವಿಷಯ ಮುಗಿಸೋಣ. ಓಡುವ ಮುಂಚೆ ಕಾಲನ್ನು ಎಳೆದು ಹಿಡಿದು ನಿಲ್ಲಬೇಡಿ. ಒಂದು ನಿಮಿಷಕ್ಕಿಂತ ಜಾಸ್ತಿ ಎಳೆದು ಹಿಡಿದರೆ ಸ್ನಾಯುವಿನ ಬಲ ಸ್ವಲ್ಪ ಹೊತ್ತು ಕುಗ್ಗುತ್ತದೆ. ಬದಲಿಗೆ 5 ನಿಮಿಷ ಬಿರುಸಾಗಿ ನಡೆಯಿರಿ, ಗೋಡೆ ಹಿಡಿದು ಪ್ರತಿ ಕಾಲನ್ನೂ ಹಿಂದೆ ಮುಂದೆ ಹತ್ತು ಸಲ ಬೀಸಿ, ಕೆಲವು ಲಂಜ್ ಹಾಕಿ, ಅಂದರೆ ಉದ್ದ ಹೆಜ್ಜೆ ಮುಂದಿಟ್ಟು ಎರಡೂ ಮಂಡಿ ಬಗ್ಗಿಸಿ ಕೆಳಕ್ಕಿಳಿದು ಮೇಲೇಳಿ. ಸಾಕು.

ಎಳೆದು ಹಿಡಿಯುವುದೇನಿದ್ದರೂ ಓಡಿ ಬಂದ ಮೇಲೆ, ಒಂದೊಂದಕ್ಕೂ 30 ಸೆಕೆಂಡ್, ಎರಡು ಸಲ. ಮೀನಖಂಡವನ್ನು ಎಳೆಯುವಾಗ ಹೆಚ್ಚಿನವರು ಅರ್ಧ ಕೆಲಸ ಮಾಡುತ್ತಾರೆ. ಅಲ್ಲಿರುವ ದೊಡ್ಡ ಸ್ನಾಯುಗಳು ಎರಡು. ಮಂಡಿ ನೆಟ್ಟಗಿದ್ದರೆ ಮೇಲಿನದಕ್ಕೆ ಎಳೆತ, ಮಂಡಿ ಬಗ್ಗಿಸಿದರೆ ಒಳಗಿನದಕ್ಕೆ. ಎರಡೂ ಬೇಕು. ಇಡೀ ದಿನ ಕುರ್ಚಿಯಲ್ಲಿ ಕೂರುವವರು ಸೊಂಟದ ಮುಂಭಾಗವನ್ನೂ ಮರೆಯಬಾರದು: ಒಂದು ಮಂಡಿ ನೆಲಕ್ಕೆ ಊರಿ, ಕುಂಡಿ ಬಿಗಿ ಮಾಡಿ, ಸೊಂಟವನ್ನು ಸ್ವಲ್ಪ ಮುಂದೆ ತಳ್ಳಿ. ಹಾಯಾಗಿರುತ್ತದೆ ನಿಜ, ಆದರೆ ಬರೀ ಸ್ಟ್ರೆಚಿಂಗ್ ಮಾಡಿಕೊಂಡು ಪೆಟ್ಟು ತಪ್ಪಿಸುತ್ತೇನೆ ಅಂದರೆ ಆಗುವ ಮಾತಲ್ಲ. ಬಲ ಬೇಕು.

ಕೋರ್ ಅಂದರೆ ಸಿಕ್ಸ್ ಪ್ಯಾಕ್ ಅಲ್ಲ. ಹೊಟ್ಟೆ, ಬೆನ್ನು, ಪಕ್ಕೆ, ಸೊಂಟ ಎಲ್ಲಾ ಸೇರಿ ಮುಂಡವನ್ನು ಅಲುಗಾಡದಂತೆ ಹಿಡಿದಿಡುವುದು. ಪ್ಲ್ಯಾಂಕ್ ಅಂದರೆ ಬೋರಲಾಗಿ ಮೊಣಕೈ, ಕಾಲ್ಬೆರಳು ಊರಿ ಮೈಯನ್ನು ಹಲಗೆಯಂತೆ ನೆಟ್ಟಗೆ ಎತ್ತಿ ಹಿಡಿಯುವುದು. ನಾನೂ ಪ್ಲ್ಯಾಂಕ್‌ನಲ್ಲಿ ನಿಮಿಷ ಎಣಿಸಿ ಬೀಗಿದವನೇ. ಸೊಂಟ ಜೋತು ಬಿದ್ದ ಮೂರು ನಿಮಿಷಕ್ಕಿಂತ ನೆಟ್ಟಗಿರುವ 30 ಸೆಕೆಂಡ್ ಮೇಲು ಅಂತ ತಡವಾಗಿ ಗೊತ್ತಾಯಿತು. ಅದಕ್ಕಿಂತ ಉಪಯೋಗದ್ದು ಸೈಡ್ ಪ್ಲ್ಯಾಂಕ್ (ಪಕ್ಕಕ್ಕೆ ತಿರುಗಿ ಒಂದೇ ಮೊಣಕೈ ಊರಿ ಮೈ ಎತ್ತಿ ಹಿಡಿಯುವುದು), ಏಕೆಂದರೆ ಜಾರುವ ಸೊಂಟವನ್ನು ಹಿಡಿಯುವುದು ಪಕ್ಕದ ಸ್ನಾಯುಗಳೇ. ಕಷ್ಟವಾದರೆ ಮಂಡಿ ಊರಿ ಮಾಡಿ. ಆಮೇಲೆ ಬ್ರಿಜ್: ಅಂಗಾತ ಮಲಗಿ, ಮಂಡಿ ಮಡಚಿ, ಸೊಂಟ ಮೇಲಕ್ಕೆತ್ತಿ, 12 ಸಲದ ಎರಡು ಸುತ್ತು. ತೊಡೆಯ ಹಿಂಭಾಗದ ಸ್ನಾಯು ಹಿಡಿದುಕೊಂಡರೆ ಪಾದವನ್ನು ಕುಂಡಿಗೆ ಇನ್ನೂ ಹತ್ತಿರ ಎಳೆದುಕೊಳ್ಳಿ. ಅದು ಸಲೀಸಾದ ದಿನ ಒಂಟಿ ಕಾಲಿನ ಬ್ರಿಜ್‌ಗೆ ಹೋಗಿ, ಅಲ್ಲಿ ಎಡಬಲದ ವ್ಯತ್ಯಾಸ ಬಯಲಾಗುತ್ತದೆ.

ಹಿಮ್ಮಡಿ ಹಿಂದಿನ ನರದಂಥ ಗಟ್ಟಿ ಭಾಗ ಬೆಳಿಗ್ಗೆ ಎದ್ದಾಗ ಬಿಗಿಯಾಗಿರುತ್ತದಾ? ಮೆಟ್ಟಿಲ ಅಂಚಿನಲ್ಲಿ ಮುಂಗಾಲು ಊರಿ ನಿಂತು ಹಿಮ್ಮಡಿ ಎತ್ತಿ, ಇಳಿಸುವಾಗ ಮನಸ್ಸಿನಲ್ಲೇ ಮೂರು ಎಣಿಸುತ್ತಾ ನಿಧಾನಕ್ಕೆ ಇಳಿಸಿ. 15 ಸಲದಂತೆ ಮೂರು ಸುತ್ತು.

ಇದೆಲ್ಲಾ ವಾರಕ್ಕೆ ಎರಡು ಮೂರು ದಿನ, ಹದಿನೈದು ನಿಮಿಷ ಹಿಡಿಯುತ್ತದೆ. ಹಗುರವಾಗಿ ಓಡಿದ ದಿನ ಮಾಡಿ, ಜೋರು ಓಟಕ್ಕೆ ಮುಂಚೆ ಬೇಡ. ಆರರಿಂದ ಎಂಟು ವಾರವಾದರೂ ಬಿಡದೆ ಮಾಡಿ ನೋಡಿ.

ಮೊಣಕಾಲ ಕೆಳಗೆ ಮುಂದಿನ ಎಲುಬಿನ ಉದ್ದಕ್ಕೂ ನೋವಿದ್ದರೆ ಹೆಚ್ಚಾಗಿ ತಪ್ಪು ಅವಸರದ್ದು, ಕಿಲೋಮೀಟರ್ ಇಳಿಸಿ. ಆದರೆ ಎಲುಬಿನ ಒಂದೇ ಜಾಗದಲ್ಲಿ ಬೆರಳಿಟ್ಟರೆ ಚುರುಕ್ ಅನ್ನುತ್ತಿದ್ದರೆ, ಕುಂಟುವಂತಾದರೆ, ಸುಮ್ನೆ ಮಲಗಿದ್ದಾಗಲೂ ನೋಯುತ್ತಿದ್ದರೆ ಅದು ಎಲುಬಿನ ಬಿರುಕೂ ಇರಬಹುದು. ಆಗ ವ್ಯಾಯಾಮವೂ ಬೇಡ, ಓಟವೂ ಬೇಡ, ಡಾಕ್ಟರಿಗೆ ತೋರಿಸಿ.