ಹಿಂಬದಿಯಿಂದ ಬಣ್ಣ: ಆರ್ಕೇಡ್ ಫಲಕಗಳನ್ನು ನಾನು ಬಳಿಯುವ ಬಗೆ

ನಾಣ್ಯ ಹಾಕಿ ವಿಡಿಯೋ ಗೇಮ್ ಆಡುವ ಹಳೆಯ ಆರ್ಕೇಡ್ ಕ್ಯಾಬಿನೆಟ್‌ಗಳ ನೆತ್ತಿಯಲ್ಲಿ ಬೆಳಗುವ ಹೆಸರುಫಲಕವಾದ ಮಾರ್ಕೀಯಲ್ಲಾಗಲಿ, ಪರದೆಯನ್ನು ಸುತ್ತುವರಿದ ಬೆಝಲ್‌ನಲ್ಲಾಗಲಿ ಚಿತ್ರವಿರುವುದು ಬಹುಪಾಲು ಗಾಜಿನ ಅಥವಾ ಅಕ್ರಿಲಿಕ್ ಹಾಳೆಯ ಹಿಂಬದಿಯಲ್ಲಿ. ಆಟಗಾರರ ಕೈಯಾಗಲಿ ಒರೆಸುವ ಬಟ್ಟೆಯಾಗಲಿ ಬಣ್ಣಕ್ಕೆ ತಾಗುವುದಿಲ್ಲ. ಹಾಳೆಯ ಹೊಳಪೇ ಚಿತ್ರದ ಹೊಳಪಾಗುತ್ತದೆ. ಕಾರ್ಖಾನೆಗಳು ಇದಕ್ಕೆ ಸ್ಕ್ರೀನ್ ಪ್ರಿಂಟಿಂಗ್ ಬಳಸುತ್ತಿದ್ದವು. ಒಂದೇ ಫಲಕ ಬೇಕಾದಾಗ ನಾನು ವಿನೈಲ್ ಸ್ಟೆನ್ಸಿಲ್ (ಆಕಾರ ಕತ್ತರಿಸಿದ ಅಂಟುಹಾಳೆ) ಮತ್ತು ಸ್ಪ್ರೇ ಬಣ್ಣದಿಂದ ಕೆಲಸ ಮುಗಿಸುತ್ತೇನೆ.

ಇಲ್ಲಿ ಬಳಿಯುವ ಕ್ರಮ ತಲೆಕೆಳಗು. ಕಾಗದದ ಮೇಲಾದರೆ ಕೊನೆಗೆ ಎಳೆಯುವ ಕಪ್ಪು ಅಂಚುಗೆರೆ ಮೊದಲು ಬರಬೇಕು, ಅಕ್ಷರಗಳ ಮೇಲಿನ ಮಿಂಚು ಮತ್ತು ನೆರಳು ಆಮೇಲೆ, ಮೈಬಣ್ಣಗಳು ಅದರ ನಂತರ, ಹಿನ್ನೆಲೆ ಎಲ್ಲಕ್ಕೂ ಕೊನೆಗೆ. ಸ್ಟೆನ್ಸಿಲ್ಲನ್ನೂ ಎಡಬಲ ತಿರುಗಿಸಿಯೇ ಕತ್ತರಿಸಬೇಕು. ನೋಡುವವರ ಕಣ್ಣಿಗೆ ಬೀಳುವುದು ಮೊದಲ ಕೋಟೇ ಆದ್ದರಿಂದ, ಅದರಡಿ ಸಿಕ್ಕಿಬಿದ್ದ ಧೂಳನ್ನು ಮುಂದಿನ ಯಾವ ಕೋಟೂ ಮರೆಮಾಡಲಾರದು. ಅಕ್ರಿಲಿಕ್‌ನ ರಕ್ಷಣಾ ಪದರವನ್ನು ಸುಲಿದೊಡನೆ ಸ್ಥಾಯೀ ವಿದ್ಯುತ್ತು ಧೂಳನ್ನು ಸೆಳೆಯುತ್ತದೆ. ಹಾಗಾಗಿ ಬಳಿಯಲು ಎಲ್ಲವೂ ಸಿದ್ಧವಾದ ಮೇಲೆಯೇ ಆ ಪದರವನ್ನು ತೆಗೆಯುತ್ತೇನೆ.

ಗಾಜನ್ನು ಅಸಿಟೋನ್‌ನಿಂದ ಒರೆಸಬಹುದು. ಅಕ್ರಿಲಿಕ್ ಮತ್ತು ಪಾಲಿಕಾರ್ಬೊನೇಟ್ ಎಂಬ ಪಾರದರ್ಶಕ ಪ್ಲಾಸ್ಟಿಕ್‌ಗಳು ಅದನ್ನು ತಾಳಲಾರವು. ಅಮೋನಿಯಾ ಬೆರೆತ ಕ್ಲೀನರ್ ಕೂಡ ಅವುಗಳಲ್ಲಿ ಕೂದಲೆಳೆಯ ಬಿರುಕುಗಳನ್ನು ಹುಟ್ಟಿಸಬಲ್ಲದು. ಅವಕ್ಕೆ ಸೌಮ್ಯವಾದ ಸೋಪಿನ ನೀರೇ ಸಾಕು. ಪಾಲಿಕಾರ್ಬೊನೇಟ್‌ಗೆ ರೇಡಿಯೋ ನಿಯಂತ್ರಿತ ಕಾರುಗಳ ಪಾರದರ್ಶಕ ಮೈಯನ್ನು ಒಳಗಿನಿಂದ ಬಳಿಯಲೆಂದೇ ತಯಾರಾಗುವ ಬಣ್ಣ ಸಿಗುತ್ತದೆ. ಜಪಾನಿನ ಮಾದರಿ ಆಟಿಕೆಗಳ ಕಂಪನಿ ತಮಿಯಾದ ಪಿಎಸ್ ಸರಣಿ ಅಂಥದ್ದು. ಹಾಳೆ ಯಾವುದೇ ಇರಲಿ, ಅದರದೇ ತುಂಡಿನ ಮೇಲೆ ಬಣ್ಣವನ್ನು ಮೊದಲು ಪರೀಕ್ಷಿಸುತ್ತೇನೆ. ಮೊದಲ ಕೋಟನ್ನು ಮಂಜಿನಂತೆ ತೆಳುವಾಗಿ ಹಾಯಿಸಿದರೆ ಬಣ್ಣ ವಿನೈಲ್‌ನ ಅಂಚಿನಡಿ ನುಸುಳುವುದಿಲ್ಲ. ಬಣ್ಣ ಮುಟ್ಟಿದರೆ ಅಂಟದಷ್ಟು ಒಣಗಿ, ಇನ್ನೂ ಪೂರ್ತಿ ಬಿರುಸಾಗದಿರುವಾಗ ಸ್ಟೆನ್ಸಿಲ್ಲನ್ನು ಹಾಳೆಗೆ ಒತ್ತಿದಂತೆ ಹಿಂದಕ್ಕೆ ಮಡಚುತ್ತ ನಿಧಾನವಾಗಿ ಎಳೆಯುತ್ತೇನೆ.

ನನ್ನ ದೃಷ್ಟಿಯಲ್ಲಿ ಫಲಕದ ಗುಣವನ್ನು ತೀರ್ಮಾನಿಸುವುದು ಬೆಳಕು. ಚೆಂಡಿನಿಂದ ಇಟ್ಟಿಗೆ ಒಡೆಯುವ 1976ರ ಬ್ರೇಕ್‌ಔಟ್ ಆಟದಲ್ಲಿ ಕಪ್ಪುಬಿಳುಪು ಪರದೆಯ ಮೇಲಿಟ್ಟ ಪಾರದರ್ಶಕ ಬಣ್ಣದ ಪಟ್ಟಿಗಳೇ ಇಟ್ಟಿಗೆಗಳಿಗೆ ಬಣ್ಣ ಕೊಡುತ್ತಿದ್ದವು. ಮಾರ್ಕೀಯಲ್ಲೂ ಬಣ್ಣ ಹೀಗೆಯೇ ಬೆಳಕನ್ನು ಹಾಯಗೊಡಬೇಕು. ಮುಚ್ಚುವ ಗುಣದ ಕೆಂಪು ಹಗಲಿನಲ್ಲಿ ಎಷ್ಟು ಸೊಗಸಾಗಿ ಕಂಡರೂ ಹಿಂದೆ ದೀಪ ಹೊತ್ತಿದಾಗ ಕಪ್ಪಾಗಿಬಿಡುತ್ತದೆ. ಅದಕ್ಕಾಗಿ ಪಾರಭಾಸಕ ಬಣ್ಣಗಳನ್ನೇ ಆರಿಸಿ, ಅವುಗಳ ಹಿಂದೆ ತೆಳುವಾದ ಬಿಳಿ ಕೋಟ್ ಕೊಡುತ್ತೇನೆ. ಅದು ಬೆಳಕನ್ನು ಸಮನಾಗಿ ಹರಡುತ್ತದೆ, ದೀಪ ಆರಿದಾಗಲೂ ಬಣ್ಣ ಕಳೆಗುಂದದಂತೆ ಕಾಯುತ್ತದೆ. ಬಿಳಿ ದಪ್ಪವಾದರೆ ಮಾರ್ಕೀ ಮಂಕಾಗುತ್ತದೆ; ಆದ್ದರಿಂದ ಪ್ರತಿ ಕೋಟಿನ ನಡುವೆ ಹಾಳೆಯನ್ನು ದೀಪದೆದುರು ಹಿಡಿದು ನೋಡುತ್ತೇನೆ. ಬೆಝಲ್‌ನ ಕಪ್ಪು ಮಾತ್ರ ಬೆಳಕನ್ನು ಪೂರ್ತಿ ತಡೆಯಬೇಕು. ಕತ್ತಲ ಕೋಣೆಯಲ್ಲಿ ಅದರ ಹಿಂದೆ ದೀಪ ಹಿಡಿದಾಗ ಸೂಜಿಮೊನೆಯಷ್ಟು ಬೆಳಕು ತೂರಿ ಬಂದರೂ ಅಲ್ಲಿ ಸಣ್ಣ ಕುಂಚದಿಂದ ಕಪ್ಪು ತುಂಬುತ್ತೇನೆ.

ಬಣ್ಣ ಪೂರ್ತಿ ಗಟ್ಟಿಯಾಗುವ ಮುನ್ನ ಫಲಕವನ್ನು ಲೋಹದ ಹಿಡಿಪಟ್ಟಿಗಳ ನಡುವೆ ಕೂರಿಸಿದರೆ ಅಂಚಿನ ಬಣ್ಣ ಅಲ್ಲೇ ಅಂಟಿಕೊಂಡು ಕಿತ್ತುಬರುತ್ತದೆ. ಅವಸರವಿದ್ದರೂ ಡಬ್ಬಿಯ ಮೇಲೆ ಬರೆದಿರುವ ಅವಧಿಯಷ್ಟು ಕಾದ ಮೇಲೆಯೇ ಜೋಡಿಸುತ್ತೇನೆ.