ಪಹಣಿ ಅವರ ಹೆಸರಲ್ಲಿ, ಉಳುಮೆ ನಮ್ಮದು

ಬೆಳೆಸಾಲಕ್ಕೆಂದು 2013ರಲ್ಲಿ ಜಮೀನಿನ ಕಂದಾಯ ದಾಖಲೆಯಾದ ಪಹಣಿ ತೆಗೆಸಿದೆ. ಮಾಲೀಕರ ಹೆಸರಿರುವ 9ನೇ ಕಾಲಂನಲ್ಲಿ ನಮ್ಮವರ ಹೆಸರೇ ಇಲ್ಲ. 1971ರಲ್ಲಿ ತಾತ ನೋಂದಾಯಿತ ಕ್ರಯಪತ್ರದ ಮೂಲಕ ಕೊಂಡ ಎರಡು ಎಕರೆ ಹತ್ತು ಗುಂಟೆಗೆ ಖಾತೆಯನ್ನೇ ಮಾಡಿಸಿರಲಿಲ್ಲ. ಅಪ್ಪ ಸಾಲ ಮಾಡಿದವರಲ್ಲ, ಪಹಣಿ ಬೇಕಾದ ಸಂದರ್ಭವೇ ಅವರಿಗೆ ಬಂದಿರಲಿಲ್ಲ. ಅಷ್ಟರಲ್ಲಿ ಮಾರಿದವರ ಮೊಮ್ಮಗ ಪೌತಿ ಖಾತೆ (ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಾವಣೆ) ಮಾಡಿಸಿಕೊಂಡು, ಜಮೀನಿಗೆ ಗಿರಾಕಿ ಹುಡುಕುತ್ತಿದ್ದ.

ನಾನು ಮಾಡಿದ ಮೊದಲ ತಪ್ಪು, ಇದು ಕಚೇರಿಯಲ್ಲೇ ಸರಿಹೋಗುತ್ತದೆ ಎಂದುಕೊಂಡದ್ದು. ಭೂಕಂದಾಯ ಕಾಯ್ದೆಯ ಕಲಂ 136(2)ರಡಿ ಉಪವಿಭಾಗಾಧಿಕಾರಿಗೆ ಮೇಲ್ಮನವಿ ಹಾಕಿ ಒಂದೂವರೆ ವರ್ಷ ಅಲೆದೆ. ಕೊನೆಗೆ ಬಂದ ಆದೇಶದ ಸಾರ ಒಂದೇ ಸಾಲು: ಹಕ್ಕಿನ ಪ್ರಶ್ನೆಯನ್ನು ಸಿವಿಲ್ ನ್ಯಾಯಾಲಯದಲ್ಲಿ ಇತ್ಯರ್ಥಪಡಿಸಿಕೊಳ್ಳಿ. ಸಿಟ್ಟು ಬಂತು, ಆದರೆ ಆದೇಶ ಸರಿಯೇ ಇತ್ತು. ಪಹಣಿಯಲ್ಲಿರುವುದು ನಿಜ ಎಂದು ಕಾನೂನು ಭಾವಿಸುವುದು ಸುಳ್ಳೆಂದು ಸಾಬೀತಾಗುವವರೆಗೆ ಮಾತ್ರ. ಮ್ಯುಟೇಶನ್, ಅಂದರೆ ಖಾತೆ ಬದಲಾವಣೆ, ಆದ ಮಾತ್ರಕ್ಕೆ ಯಾರೂ ಮಾಲೀಕರಾಗುವುದಿಲ್ಲ.

ಎರಡನೆಯ ತಪ್ಪು ಇನ್ನೂ ದುಬಾರಿಯಾಗುತ್ತಿತ್ತು. ಜಮೀನಿನಲ್ಲಿ ನಾವೇ ಇದ್ದೇವಲ್ಲ, ಅವರು ಕಾಲಿಡದಂತೆ ಶಾಶ್ವತ ನಿರ್ಬಂಧಕಾಜ್ಞೆ ಸಾಕು ಎಂದು ಬರೀ ಅದನ್ನಷ್ಟೇ ಕೇಳಿ ದಾವೆ ಹಾಕಿದೆವು. ಅಮ್ಮ, ತಂಗಿ, ನಾನು, ಮೂವರೂ ವಾದಿಗಳು. ಮಾರಿದವರ ಮೊಮ್ಮಗ ಲಿಖಿತ ಹೇಳಿಕೆಯಲ್ಲಿ, ಕ್ರಯವೇ ನಡೆದಿಲ್ಲ, ಇವರಿಗೆ ಹಕ್ಕೇ ಇಲ್ಲ ಎಂದ. ಅದನ್ನು ಓದಿದ ವಕೀಲರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ‘ಮೇಷ್ಟ್ರೇ, ಈಗ ಮಾಲೀಕತ್ವದ ಘೋಷಣೆಯನ್ನೂ ಕೇಳಲೇಬೇಕು’ ಎಂದರು. ಹಕ್ಕಿನ ಮೇಲೇ ಕರಿನೆರಳು ಬಿದ್ದಾಗ ಬರೀ ನಿರ್ಬಂಧಕಾಜ್ಞೆಯ ದಾವೆ ಸಾಲದು ಎಂದು 2008ರ ಅನಾತುಲ ಸುಧಾಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆಯಂತೆ. ಘೋಷಣೆ ಕೇಳಲು ಕಾಲಮಿತಿ ಮೂರು ವರ್ಷ. ಲೆಕ್ಕ ಹಾಕಿದರೆ ಉಳಿದದ್ದು ನಾಲ್ಕೇ ತಿಂಗಳು. ಕಚೇರಿ ಅಲೆದಾಟದ ಬೆಲೆ ಗೊತ್ತಾದದ್ದು ಆಗ. ವಿಚಾರಣೆ ಶುರುವಾಗಿರಲಿಲ್ಲವಾದ್ದರಿಂದ ದಾವೆಯ ತಿದ್ದುಪಡಿಗೆ ಅನುಮತಿ ಸಿಕ್ಕಿತು.

ಮಧ್ಯಂತರ ತಡೆಯಾಜ್ಞೆ ಸಿಕ್ಕ ವಾರವೇ ಅದರ ದೃಢೀಕೃತ ನಕಲನ್ನು ತಾಲ್ಲೂಕು ಕಚೇರಿಗೆ ಕೊಟ್ಟು, ಪಹಣಿಯಲ್ಲಿ ಇತರ ಹಕ್ಕು, ಋಣಗಳನ್ನು ಬರೆಯುವ 11ನೇ ಕಾಲಂನಲ್ಲಿ ನಮೂದು ಮಾಡಿಸಿದೆ. ಈ ಒಂದು ಕೆಲಸದಲ್ಲಿ ಮಾತ್ರ ನಾನು ತಡ ಮಾಡಲಿಲ್ಲ. ಅದನ್ನು ನೋಡಿದ ಗಿರಾಕಿ ತಾನಾಗಿಯೇ ಹಿಂದೆ ಸರಿದ.

ಇನ್ನು ಸಾಕ್ಷ್ಯ. ಕ್ರಯಪತ್ರಕ್ಕೆ ಸಹಿ ಹಾಕಿದ ಸಾಕ್ಷಿಗಳು, ಬರೆದ ಬರಹಗಾರ, ಯಾರೂ ಬದುಕಿರಲಿಲ್ಲ. ಮೂವತ್ತು ವರ್ಷ ದಾಟಿದ ಮೂಲಪತ್ರ ಇರಬೇಕಾದವರ ಬಳಿಯಿಂದಲೇ ಬಂದಿದ್ದರೆ, ಸಹಿಗಳನ್ನು ನ್ಯಾಯಾಲಯ ನಿಜವೆಂದು ಭಾವಿಸಬಹುದು. ಅಮ್ಮನ ಟ್ರಂಕಿನಲ್ಲಿ ಮೂಲಪತ್ರ ಇದ್ದದ್ದು ನಮ್ಮ ಪುಣ್ಯ. ಅದರ ಜೊತೆಗೇ ದಾರಕ್ಕೆ ಪೋಣಿಸಿದ ಕಂದಾಯ ರಸೀದಿಗಳ ಕಂತೆಯೂ ಸಿಕ್ಕಿತು. ಎಲ್ಲದರಲ್ಲೂ ಖಾತೆದಾರ ಅಂತ ಮಾರಿದವರ ಹೆಸರೇ. ನಾನು ಅವನ್ನು ಪಕ್ಕಕ್ಕೆ ಎಸೆದಿದ್ದೆ. ವಕೀಲರು ಒಂದನ್ನು ಬೆಳಕಿಗೆ ಹಿಡಿದು ಕೆಳಸಾಲು ತೋರಿಸಿದರು: ‘ಹಸ್ತೆ’, ಅಂದರೆ ಯಾರ ಕೈಯಿಂದ ಹಣ ಬಂತು ಎಂಬುದು, ಅದರ ಮುಂದೆ ತಾತನ ಹೆಸರು. ವರ್ಷ ವರ್ಷವೂ ಕಂದಾಯ ಕಟ್ಟಿದ ಕೈ ನಮ್ಮದೇ.

ಪಾಟೀಸವಾಲಿನ ದಿನ ಎದುರು ವಕೀಲರು ಕೇಳಿದರು, ‘ನಲವತ್ತು ವರ್ಷ ನಿಮ್ಮ ತಾತ, ತಂದೆ ಖಾತೆ ಯಾಕೆ ಮಾಡಿಸಲಿಲ್ಲ?’ ಬಾಯಿ ತುದಿಯವರೆಗೆ ಕಥೆ ಬಂದಿತ್ತು. ಪಾಠ ಹೇಳಿ ಅಭ್ಯಾಸವಾದವನಿಗೆ ಸುಮ್ಮನಿರುವುದೇ ಕಷ್ಟ. ಕೇಳಿದ್ದಕ್ಕಷ್ಟೇ ಉತ್ತರ ಕೊಡಿ ಎಂದು ನಮ್ಮ ವಕೀಲರು ಹೇಳಿದ್ದರಲ್ಲ, ‘ಗೊತ್ತಿಲ್ಲ ಸ್ವಾಮಿ’ ಎಂದು ನಿಲ್ಲಿಸಿದೆ. ಆತನ ಸರದಿ ಬಂದಾಗ ನಮ್ಮ ವಕೀಲರು ಚಕ್ಕುಬಂದಿ, ಅಂದರೆ ಜಮೀನಿನ ನಾಲ್ಕು ದಿಕ್ಕಿನ ಗಡಿ, ಕೇಳಿದರು. ಪೂರ್ವಕ್ಕೆ ಏನಿದೆ? ಆತ ರಸ್ತೆ ಎಂದ. ಇರುವುದು ಹಳ್ಳ. ಕ್ರಯಪತ್ರದಲ್ಲೂ ಹಳ್ಳ, ಸ್ಥಳ ಪರಿಶೀಲನೆಗೆ ನ್ಯಾಯಾಲಯ ನೇಮಿಸಿದ ಕೋರ್ಟ್ ಕಮಿಷನರ್ ಸರ್ವೆಯವರ ಜೊತೆ ಬಂದು ಬರೆದ ನಕ್ಷೆಯಲ್ಲೂ ಹಳ್ಳ. ಜಮೀನು ನೋಡದವನು ಉಳುವುದೆಲ್ಲಿ ಬಂತು!

ಆಮೇಲೆ ಮುದ್ದತಿನ ಮೇಲೆ ಮುದ್ದತು. ನ್ಯಾಯಾಧೀಶರು ಇಬ್ಬರು ಬದಲಾದರು, ವಾದ ಎರಡು ಸಲ ನಡೆಯಿತು. 2021ರಲ್ಲಿ ಡಿಕ್ರಿ ನಮ್ಮ ಪರ ಬಂತು. ಮಾರನೇ ದಿನವೇ ಜಿಲ್ಲಾ ನ್ಯಾಯಾಲಯದಲ್ಲಿ ಕೇವಿಯಟ್ ಹಾಕಿದೆ, ಮೇಲ್ಮನವಿ ಬಂದರೆ ನಮ್ಮನ್ನು ಕೇಳದೆ ತಡೆ ಸಿಗದಿರಲಿ ಅಂತ. ಅದರ ಆಯುಷ್ಯ 90 ದಿನ. ಅಷ್ಟರಲ್ಲಿ ಆತ ಮೇಲ್ಮನವಿ ಹಾಕಲಿಲ್ಲ.

ಡಿಕ್ರಿಯ ನಕಲು ಕೊಟ್ಟು ಖಾತೆ ಮಾಡಿಸಿದ್ದಾಯಿತು. ಹೊಸ ಪಹಣಿಯಲ್ಲಿ ತಂಗಿಯ ಹೆಸರಿನ ಒಂದು ಅಕ್ಷರ ತಪ್ಪಿದೆ. ತಿದ್ದುಪಡಿಗೆ ಅರ್ಜಿ ಕೊಟ್ಟು ಬಂದಿದ್ದೇನೆ.